ಅವನ ಅರ್ಧ ಸಿನೆಮಾ, ನನ್ನ ಅರ್ಧ ಸಿನೆಮಾ

ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆರೆಯುವುದು ನಡುವಿನ ಪುಟ. ಅಲ್ಲಿಂದ ಕೊನೆಯವರೆಗೆ ಓದಿ ಮುಗಿಸಿ, ಆಮೇಲೆ ಸಾವಕಾಶವಾಗಿ ಮೊದಲಿಗೆ ಬರುತ್ತೇನೆ. ಮನೆಯಲ್ಲಿ ಇದಕ್ಕೆ ಎಲ್ಲರೂ ನಗುತ್ತಾರೆ. ಮೊನ್ನೆ ಮೊಮ್ಮಗಳು, "ಅಜ್ಜಾ, ನೀ ಊಟಾನೂ ಮಜ್ಜಿಗಿಯಿಂದ ಶುರು ಮಾಡ್ತೀಯೇನು?" ಎಂದು ಕೇಳಿದಳು. ಊಟದ ವಿಷಯದಲ್ಲಿ ನಾನು ಬಹಳ ಶಿಸ್ತಿನ ಮನುಷ್ಯ, ಅದು ನಿಮಗೂ ಗೊತ್ತು. ಹೋಳಿಗೆ ಇದ್ದ ದಿನ ಹೋಳಿಗೆಯಿಂದಲೇ ಶುರು, ಹೋಳಿಗೆಯಲ್ಲೇ ಮುಕ್ತಾಯ. ಈ ಚಟ ಕಥೆಗಳಿಗೆ ಮಾತ್ರ ಸಂಬಂಧಿಸಿದ್ದು. ಇದು ನನಗೆ ಅಂಟಿಕೊಂಡದ್ದು ಆಳಂದದಲ್ಲಿ, ಒಂದು ಡೇರೆ ಸಿನೆಮಾದ ದೆಸೆಯಿಂದ.

ನಮ್ಮೂರು ಸರಸಂಬಾ. ಓದಿದ್ದು ಆಳಂದದಲ್ಲಿ, ಸೋದರತ್ತೆಯ ಮನೆಯಲ್ಲಿದ್ದುಕೊಂಡು. ಆಗಿನ್ನೂ ನಿಜಾಮರ ರಾಜ್ಯ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಪೇಟೆಯಲ್ಲಿ ಅರ್ಧ ಮರಾಠಿ; ಜಗಳವಾಡುವಾಗ ಮಾತ್ರ ಮೂರೂ ಒಟ್ಟಿಗೆ ಬಾಯಿಗೆ ಬರುತ್ತಿದ್ದವು. ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವನ್ನೂ ಉರ್ದುವಿನಲ್ಲೇ ಕಲಿತದ್ದರಿಂದ, ಭೀಮಾ ನದಿ ಉರ್ದುವಿನಲ್ಲಿ ಹರಿಯುತ್ತಾ ಬಂದು ಅಫಜಲಪುರದ ಹತ್ತಿರ ಕನ್ನಡಕ್ಕೆ ಹೊರಳುತ್ತದೆ ಎಂದೇ ನಾನು ಬಹಳ ದಿನ ನಂಬಿದ್ದೆ. ಕನ್ನಡದ ಅಕ್ಷರ ನನಗೆ ಬರುತ್ತಿದ್ದವು, ಆದರೆ ಅವು ಊರಿನ ಐಗಳ ಸಾಲಿಯಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರ. ಕಾಗದದ ಮೇಲೆ ಅವು ನನ್ನ ಮಾತು ಕೇಳುತ್ತಿರಲಿಲ್ಲ.

ಬೆಂಚಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವನು ಮಹಬೂಬ. ಅವನ ಅಪ್ಪ ಇಮಾಮಸಾಬರು ಅರಳೆ ಹಿಂಜಿ ಗಾದಿ ಹೊಲಿದು ಕೊಡುವವರು. ಮಹಬೂಬನ ತಲೆಯಲ್ಲಿ, ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಸದಾ ಅರಳೆಯ ಎಳೆ. ಅವನು ಎದ್ದು ನಿಂತು ಪಾಠ ಒಪ್ಪಿಸಿದರೆ ಮುಂದಿನ ಬೆಂಚಿನವರಿಗೆ ಸೀನು ಬರುತ್ತಿತ್ತು. ಆದರೆ ಇಡೀ ವರ್ಗದಲ್ಲಿ ಉರ್ದು ಅವನಷ್ಟು ಚಂದ ಬರೆಯುವವರು ಇರಲಿಲ್ಲ. ನಮ್ಮ ಉಸ್ತಾದರು ಅವನ ಪಾಟಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಆಮೇಲೆ ನನ್ನ ಪಾಟಿಯನ್ನೂ ಎತ್ತಿ ಹಿಡಿಯುತ್ತಿದ್ದರು. ಉದ್ದೇಶ ಬೇರೆ.

ಇಂಥ ಆಳಂದಕ್ಕೆ ಒಂದು ಚಳಿಗಾಲ ಡೇರೆ ಸಿನೆಮಾ ಬಂತು. ಜೇವರ್ಗಿ ಮುಗಿಸಿ, ಅಫಜಲಪುರ ಮುಗಿಸಿ ಎತ್ತಿನ ಬಂಡಿಗಳ ಮೇಲೆ ಸಾಮಾನು ಹೇರಿಕೊಂಡು ಬಂದ ಡೇರೆ ಅದು. ನಮಗಿಬ್ಬರಿಗೂ ಸಿನೆಮಾ ಅಂದರೆ ಏನೆಂದೇ ಗೊತ್ತಿರಲಿಲ್ಲ, ಆದ್ದರಿಂದ ಹುಚ್ಚು ಹೆಚ್ಚು. ಇಬ್ಬರ ಕಿಸೆ ಸೇರಿಸಿ ಕೊಡವಿದರೂ ಒಬ್ಬರ ಟಿಕೆಟ್ಟಿಗಷ್ಟೇ ಸಾಕಾಗುವಂತಿತ್ತು. ಕೊನೆಗೆ ಮಹಬೂಬನೇ ಉಪಾಯ ಹೇಳಿದ. ಇಂಟರ್ವಲ್‌ನಲ್ಲಿ ಹೊರಗೆ ಬರುವವರ ಮುಂಗೈ ಮೇಲೆ ಬಾಗಿಲಿನವನು ನೇರಳೆ ಬಣ್ಣದ ಶಿಕ್ಕಾ ಒತ್ತುತ್ತಾನೆ. ಶಿಕ್ಕಾ ತೋರಿಸಿದವರನ್ನು ಮತ್ತೆ ಒಳಗೆ ಬಿಡುತ್ತಾನೆ. "ಮೊದಲನೇ ಅರ್ಧ ನಾ ನೋಡ್ತೇನಿ, ಎರಡನೇ ಅರ್ಧ ನೀ ನೋಡು. ಆಮ್ಯಾಲ ಒಬ್ರಿಗೊಬ್ರು ಹೇಳಿದ್ರ ಆತು. ಸಿನೆಮಾ ಇಡೀದು, ಟಿಕೆಟ್ ಒಂದು."

ಇಂಟರ್ವಲ್ಲಿಗೆ ಅವನು ಹೊರಗೆ ಓಡಿ ಬಂದ. ಕಣ್ಣು ಕೆಂಪಗಿದ್ದವು. ಬಂದವನೇ ತನ್ನ ಮುಂಗೈಯನ್ನು ನನ್ನ ಮುಂಗೈಗೆ ಒತ್ತಿ ಹಿಡಿದ. ಹಸಿ ಶಿಕ್ಕಾ, ಬೆವರಿದ ಕೈ. ಅಚ್ಚು ನನ್ನ ಕೈಗೆ ಇಳಿಯಿತು, ಆದರೆ ತಿರುಗುಮುರುಗಾಗಿ. ಬಾಗಿಲಿನವನು ಕಂದೀಲು ಹತ್ತಿರ ಹಿಡಿದು ನನ್ನ ಕೈಯನ್ನು ಆ ಕಡೆಯಿಂದ ಓದಿದ, ಈ ಕಡೆಯಿಂದ ಓದಿದ. ನಮ್ಮ ಸೀಮೆಯಲ್ಲಿ ಎಡದಿಂದ ಬರೆಯುವ ಲಿಪಿಯೂ ಇತ್ತು, ಬಲದಿಂದ ಬರೆಯುವ ಲಿಪಿಯೂ ಇತ್ತು. ಪಾಪ, ಅವನು ಯಾವುದೆಂದು ನಿರ್ಧರಿಸಿಯಾನು? "ಹೋಗು ಹೋಗು" ಎಂದು ಒಳಗೆ ದಬ್ಬಿದ.

ನಾನು ಒಳಗೆ ಕಾಲಿಟ್ಟು ಪರದೆ ಬೆಳಗಿದ ಸ್ವಲ್ಪ ಹೊತ್ತಿಗೆ ಜನ ಎದ್ದು ನಿಂತು ಕೂಗತೊಡಗಿದರು. ಟೋಪಿ ಎಸೆದರು, ಸೀಟಿ ಹೊಡೆದರು. ಸಿನೆಮಾ ಅಂದರೆ ಹೀಗೆ ಕೂಗಬೇಕು ಎಂದುಕೊಂಡು ನಾನೂ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದವರು ನನ್ನ ಬೆನ್ನು ತಟ್ಟಿದರು. ಆಮೇಲೆ ಸುಸ್ತಾಗಿ ಎಲ್ಲರೂ ಕೂತರು.

ಸಿನೆಮಾ ಮುಗಿದು ಹೊರಗೆ ಬಂದರೆ ಮಹಬೂಬ ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತಿದ್ದ. "ಏನಾತಲೇ? ಮೀಶಿಯವ ಏನಾದ?" ಎಂದ. ನಾನು ಬಹಳ ಖುಷಿಯಿಂದ ಹೇಳಿದೆ: "ಮೀಶಿಯವನ್ನ ಕಡದು ಹಾಕಿದ್ರು ನೋಡು. ಛಲೋ ಆತು, ಹರಾಮಖೋರ!"

ಮಹಬೂಬನ ಮುಖ ನೋಡುವಂತಿರಲಿಲ್ಲ. "ಸುಳ್ಳು! ಅಂವ ಸಾಯಂಗಿಲ್ಲ. ಅಂಥ ದೇವರಂಥ ಮನುಷ್ಯಾನ್ನ ಯಾರು ಕಡೀತಾರ?"

"ದೇವರಂಥ ಮನುಷ್ಯಾನ? ಸಣ್ಣ ಹುಡುಗನ ಹಾಲಿನ್ಯಾಗ ವಿಷ ಹಾಕ್ಯಾನ ಅಂವ!"

"ನಿನಗ ಸಿನೆಮಾ ನೋಡಾಕ ಬರಂಗಿಲ್ಲ. ನಿನ್ನ ಕಳಿಸಿದ್ದ ನನ್ನ ತಪ್ಪು," ಎಂದವನೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಹೊರಟೇ ಹೋದ. ಅವನ ಅರ್ಧ ಕಥೆ ಅವನ ಹತ್ತಿರವೇ ಉಳಿಯಿತು, ನನ್ನದು ನನ್ನ ಹತ್ತಿರ.

ಮರುದಿನ ರಮಿಸಿ ಕೇಳಬೇಕೆಂದಿದ್ದೆ. ಆದರೆ ಬೆಳಗಾಗುವಷ್ಟರಲ್ಲಿ ಸರಸಂಬಾದಿಂದ ನಮ್ಮಪ್ಪ ಬಂಡಿ ಕಟ್ಟಿಕೊಂಡು ಬಂದು ಅತ್ತೆಯ ಅಂಗಳದಲ್ಲಿ ನಿಂತಿದ್ದರು. "ಕಾಲ ಸುಮಾರ ಅದ, ಹುಡುಗ ನಮ್ಮ ಕಣ್ಮುಂದ ಇರ್ಲಿ" ಎಂದರು. ಆಮೇಲಿನ ದಿನಗಳು ನಮ್ಮ ಸೀಮೆಗೆ ಒಳ್ಳೆಯವಾಗಿರಲಿಲ್ಲ. ಸಾಲಿಗೆ ಬೀಗ ಬಿತ್ತು. ಓಣಿ ಓಣಿಯೂ ಒಳಗಿನಿಂದ ಅಗಳಿ ಹಾಕಿಕೊಂಡಿತು. ಅದರ ಕಥೆಯನ್ನು ನನಗಿಂತ ಹೆಚ್ಚು ಕಳಕೊಂಡವರು ಹೇಳಬೇಕು, ನಾನು ಹೇಳುವುದು ತರವಲ್ಲ. ನಾನು ಸರಸಂಬಾದಲ್ಲಿ ಎಮ್ಮೆ ಕಾಯುತ್ತ, ಆ ಸಿನೆಮಾದ ಮೊದಲರ್ಧ ಏನಿದ್ದೀತು ಎಂದು ಎಮ್ಮೆಯನ್ನೇ ಕೇಳುತ್ತ ಇದ್ದೆ. ಆ ಮೀಸೆಯವನನ್ನು ಜೈಲಿಗೆ ಹಾಕಿದ್ದು ಯಾಕೆ? ಕಪ್ಪು ಸೀರೆಯ ಮುದುಕಿ ಯಾರ ತಾಯಿ? ಕುದುರೆಯ ಬಾಲಕ್ಕೆ ಪಟ್ಟಿ ಯಾಕೆ ಕಟ್ಟಿದ್ದರು? ಎಮ್ಮೆ ಮೆಲುಕು ಹಾಕುತ್ತಿತ್ತು, ನಾನೂ ಹಾಕುತ್ತಿದ್ದೆ.

ರಾಜ್ಯ ಬದಲಾಯಿತು. ಸಾಲಿ ಮತ್ತೆ ತೆರೆಯಿತು. ನಾನು ಬುತ್ತಿ ಕಟ್ಟಿಕೊಂಡು ಆಳಂದಕ್ಕೆ ಮರಳಿದಾಗ ನನಗೆ ಮೇಲ್ದುಟಿಯ ಮೇಲೆ ಸಣ್ಣಗೆ ಮೀಸೆ ಚಿಗುರಿತ್ತು. ವರ್ಗದೊಳಗೆ ಯಾರದೋ ಆಡುಗಳು ಸಂಸಾರ ಹೂಡಿದ್ದವು. ಅವುಗಳನ್ನು ಓಡಿಸಿ, ನೆಲ ಬಳಿದು, ನಾವು ಕೂತೆವು. ಗೋಡೆಯ ಮೇಲೆ ಮೊದಲು ನಿಜಾಮರ ದೊಡ್ಡ ಪಟ ಇದ್ದಲ್ಲಿ ಈಗ ಚೌಕಾಕಾರದ ಬಿಳಿ ಜಾಗ ಮಾತ್ರ ಉಳಿದಿತ್ತು. ಅದನ್ನು ಎಲ್ಲರೂ ನೋಡಿದೆವು. ನನ್ನ ಪಕ್ಕದ ಜಾಗವೂ ಖಾಲಿ ಇತ್ತು. ಹಾಜರಿ ಕೂಗುವಾಗ ಮಹಬೂಬನ ಹೆಸರು ಬರುತ್ತಿತ್ತು, ಯಾರೋ "ಗೈರುಹಾಜರ್ ರೀ" ಅನ್ನುತ್ತಿದ್ದರು, ಹಾಜರಿ ಮುಂದೆ ಹೋಗುತ್ತಿತ್ತು.

ಹೋಗಿ ಕರೆಯಬಹುದಿತ್ತಲ್ಲ ಎನ್ನುತ್ತೀರಿ. ಅವನ ಓಣಿ ಎರಡು ಸಂದಿ ದಾಟಿದರೆ ಸಿಗುತ್ತಿತ್ತು. ಆದರೆ ಆ ವರ್ಷದ ನಂತರ ಸಂದಿಗಳು ಉದ್ದವಾಗಿಬಿಟ್ಟಿದ್ದವು. ಅವನಿಗೆ ನಮ್ಮ ಮೇಲೆಲ್ಲ ಸಿಟ್ಟಿರಬೇಕು, ಅದಕ್ಕೇ ಬರುತ್ತಿಲ್ಲ ಎಂದು ನಾನು ತಿಳಿದಿದ್ದೆ. ಒಮ್ಮೆ ಪೇಟೆಯಲ್ಲಿ ಅರಳೆಯ ಗಂಟು ಹೊತ್ತು ಎದುರಿಗೇ ಬಂದ. ಗಂಟನ್ನು ಎಡಗಡೆಗೆ ವಾಲಿಸಿ ಮುಖ ಮುಚ್ಚಿಕೊಂಡು ದಾಟಿದ. ನಾನೂ ಬಳೆಯ ಅಂಗಡಿಯಲ್ಲಿ ಬಳೆ ನೋಡುತ್ತ ನಿಂತೆ. ಅಂಗಡಿಯಾಕೆ, "ಯಾರಿಗ್ ಬೇಕೋ ತಮ್ಮಾ ಬಳಿ, ನಿನಗೇನು?" ಎಂದಳು.

ಈಗ ಸಾಲಿ ಕನ್ನಡದ್ದಾಗಿತ್ತು. ಕಲಿಸಲು ವಿಜಾಪುರದ ಕಡೆಯಿಂದ ಹಿರೇಮಠ ಮಾಸ್ತರರು ಬಂದರು. ತೆಳ್ಳಗಿನ ಹುಡುಗು ಮಾಸ್ತರ. ಮದುವೆಯಾಗಿರಲಿಲ್ಲ, ಕೋಣೆಯೊಂದನ್ನು ಹಿಡಿದಿದ್ದರು. ಅವರು ಬಂದ ಮೊದಲ ದಿನ "ಬಾಲಕರೇ" ಎಂದರು. ಸಣ್ಣ ಮಕ್ಕಳು ಯಾರಾದರೂ ಬಂದಿರಬೇಕೆಂದು ನಾವು ಹಿಂದೆ ತಿರುಗಿ ನೋಡಿದೆವು. ಎಲ್ಲರೂ ಹೆಸರು ಬರೆದು ತೋರಿಸಿ ಎಂದರು. ಅಫಜಲಪುರದ ಕಡೆಯ ಗೊಬ್ಬೂರಿನಿಂದ ಬಂದ ಶರಣಪ್ಪ, ಉರ್ದುವಿನ ರೂಢಿಯಂತೆ ಬಲಗಡೆಯಿಂದ ಬರೆಯುತ್ತ ಬಂದ. ಮಾಸ್ತರರು ಓದಿದರು: "ಪ್ಪಣರಶ. ಇದು ಯಾವ ದೇಶದ ಹೆಸರಪಾ?"

"ಗೊಬ್ಬೂರ್ ರೀ," ಎಂದ ಶರಣಪ್ಪ.

ಎರಡನೇ ವಾರ ಮಾಸ್ತರರು ಹುರುಪಿನಿಂದ ಬಂದು ನಿಂತು, "ಇಂದು ಪ್ರತಿಯೊಬ್ಬರೂ ತಮ್ಮ ಮೆಚ್ಚಿನ ಸಾಹಿತ್ಯದ ಕುರಿತು ತಮ್ಮ ಅನಿಸಿಕೆಯನ್ನು ಹೇಳತಕ್ಕದ್ದು" ಎಂದರು. ನಮ್ಮ ಕಡೆ ಸಾಹಿತ್ಯ ಎಂದರೆ ಸಾಮಾನು. ಪೂಜೆಯ ಸಾಹಿತ್ಯ ತಂದ್ರೇನು, ಅಡುಗೆಯ ಸಾಹಿತ್ಯ ತಂದ್ರೇನು ಎಂದು ಕೇಳುತ್ತಾರೆ. ಮೊದಲನೇ ಬೆಂಚಿನ ಹುಡುಗ ಎದ್ದು, ಕೈಕಟ್ಟಿ, "ಕಡ್ಲಿಬ್ಯಾಳಿ, ಬೆಲ್ಲ, ಯಾಲಕ್ಕಿ, ಗೋದಿಹಿಟ್ಟು ರೀ" ಎಂದ. ಮಾಸ್ತರರು ಕಣ್ಣು ಮುಚ್ಚಿದರು. ಕಣ್ಣು ತೆರೆದು, "ಪುಸ್ತಕ, ಪುಸ್ತಕ! ಓದಿದ ಪುಸ್ತಕ! ಅದನ್ನು ಓದಿ ನಿನಗ ಏನ ಅನಸ್ತು, ಅದು!" ಎಂದರು. ಸಿಟ್ಟು ಬಂದರೆ ಅವರೂ ನಮ್ಮಂತೆಯೇ ಮಾತಾಡುತ್ತಾರೆಂದು ತಿಳಿದು ನಮಗೆ ಸಮಾಧಾನವಾಯಿತು.

ಕನ್ನಡ ಪುಸ್ತಕವನ್ನು ಯಾರು ನೋಡಿದ್ದರು? ಬಹಳ ಹೊತ್ತಿನ ಮೇಲೆ ಶರಣಪ್ಪ ಕೈ ಎತ್ತಿದ. "ಪಂಚಾಂಗ ಓದೇನ್ರಿ."

"ಪಂಚಾಂಗ ಸಾಹಿತ್ಯ ಅಲ್ಲೋ. ಆತು, ಹೇಳು. ಯಾಕ ಸೇರ್ತದ ಅದು?"

"ಮುಂದ ಏನಾಗ್ತದ ಅನ್ನೂದು ಮೊದ್ಲ ಬರದಿರ್ತಾರ್ರೀ. ಮಳಿ ಆಗ್ತದ ಅಂತ ಬರದಿರ್ತಾರ, ಆಗಂಗಿಲ್ಲ. ಛಲೋ ಮಜಾ ಬರ್ತದ್ರಿ."

ನನ್ನ ಸರದಿ ಬಂತು. ಪುಸ್ತಕ ಓದಿಲ್ಲ, ಸಿನೆಮಾ ನೋಡಿದ್ದೇನೆ ಎಂದೆ. ಸಿನೆಮಾ ಸಾಹಿತ್ಯವಲ್ಲ ಎಂದು ಮಾಸ್ತರರು ಗಂಭೀರವಾಗಿ ಹೇಳಿದರು. ಆದರೆ ಪಂಚಾಂಗಕ್ಕೆ ದಾರಿ ಬಿಟ್ಟ ಮೇಲೆ ನನ್ನನ್ನು ತಡೆಯುವುದು ಅವರಿಗೂ ನ್ಯಾಯವೆನಿಸಲಿಲ್ಲ. ನಾನು ಶುರು ಮಾಡಿದೆ. ಜೈಲಿನ ಕತ್ತಲೆ, ಮೀಸೆಯವನು ಕಬ್ಬಿಣದ ಸರಳು ಬಗ್ಗಿಸಿ ಹೊರಗೆ ಬಂದದ್ದು, ಹಾಲಿನ ಬಟ್ಟಲು, ಕಿಟಕಿಯಲ್ಲಿ ಕೂತ ಗಿಣಿ ಆ ಹಾಲನ್ನು ಚೆಲ್ಲಿದ್ದು, ಕೋಟೆಯ ಮೇಲೆ ಕತ್ತಿ ಕಾಳಗ. ಕಾಳಗವನ್ನು ಅಳತೆಗೋಲು ಹಿಡಿದು ಮಾಡಿಯೇ ತೋರಿಸಿದೆ. ವರ್ಗ ಉಸಿರು ಹಿಡಿದು ಕೂತಿತ್ತು. ಹಿರೇಮಠ ಮಾಸ್ತರರು ಮೇಜಿನ ತುದಿಗೆ ಬಂದು ಕೂತಿದ್ದರು; ಅವರ ಮುಂಡಾಸು ಜಾರಿ ಕಿವಿಯ ಮೇಲೆ ಬಂದಿತ್ತು.

"ಅಂವನ್ನ ಜೈಲಿಗ್ಯಾಕ ಹಾಕಿದ್ರು?" ಎಂದರು.

"ಗೊತ್ತಿಲ್ರಿ."

"ಆ ಮುದುಕಿ ಯಾಕ ಅಳಾಕತ್ತಿದ್ಲು?"

"ಗೊತ್ತಿಲ್ರಿ. ನಾ ಇಂಟರ್ವಲ್ ಆದಮ್ಯಾಲ ಒಳಗ ಹೋಗೇನಿ."

ಹುಡುಗರು ಹೋ ಎಂದು ನಕ್ಕರು. ಮಾಸ್ತರರು ನಗಲಿಲ್ಲ. ಕಥೆಯ ತಲೆ ಕಡಿದು ದೇಹ ತೋರಿಸಿದಂತಾಗಿತ್ತು ಅವರಿಗೆ. ಗಂಟೆ ಬಾರಿಸಿದ ಮೇಲೆ ಹೊರಗೆ ಹೋದವರು ಮತ್ತೆ ಒಳಗೆ ಇಣುಕಿ, "ಮೊದಲಿನದು ಯಾರಿಗರ ಗೊತ್ತದ ಏನು?" ಎಂದರು.

"ಮಹಬೂಬಗ ಗೊತ್ತದ್ರಿ," ಎಂದೆ.

"ದಿನಾ ಗೈರುಹಾಜರ್ ಇರಾಂವೇನು? ಯಾರಂವ?"

ಗಾದಿ ಹೊಲಿಯುವ ಇಮಾಮಸಾಬರ ಮಗ ಎಂದು ನಾನು ನನ್ನ ಪಕ್ಕದ ಖಾಲಿ ಜಾಗ ತೋರಿಸಿದೆ. ಗೈರುಹಾಜರ್ ಎಂದು ಹೇಳುವ ಹುಡುಗ ಕಿಟಕಿಯ ಹೊರಗೆ ನೋಡತೊಡಗಿದ.

ಮರುದಿನ ಸಂಜೆ ಮಾಸ್ತರರು ತಮ್ಮ ಗಾದಿಯನ್ನು ಸುರುಳಿ ಸುತ್ತಿ ಒಂದು ತುದಿಯನ್ನು ನನ್ನ ಹೆಗಲಿಗೆ ಕೊಟ್ಟರು. "ನಡಿ, ಅರಳಿ ಹಿಂಜಿಸೋದದ" ಎಂದರು. ಗಾದಿ ಹೊಸದು. ಮಹಬೂಬನಲ್ಲಿಗೇ ಹೊರಟಿದ್ದೇವೆಂದು ನನಗೆ ಅರ್ಥವಾಯಿತು. ಆ ಎರಡು ಸಂದಿಗಳನ್ನು ನಾನು ಗಾದಿಯ ಹಿಂದೆ ಅಡಗಿಕೊಂಡು ದಾಟಿದೆ.

ಇಮಾಮಸಾಬರ ಅಂಗಡಿಯಲ್ಲಿ ಮೇಲಿನ ತೊಲೆಗೆ ಅರಳೆ ಹಿಂಜುವ ಬಿಲ್ಲು ತೂಗಿಹಾಕಿತ್ತು. ಟೊಂಯ್ ಟೊಂಯ್ ಎಂದು ತಂತಿ ಮೀಟಿದಂತೆಲ್ಲ ಅರಳೆ ಮೋಡದಂತೆ ಏಳುತ್ತಿತ್ತು. ಆ ಮೋಡದ ಆಚೆ ಮಹಬೂಬ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ನನ್ನನ್ನು ನೋಡಿದ, ದಾರವನ್ನು ನೋಡಿದ.

ಮಾಸ್ತರರು ಸುತ್ತುಬಳಸದೆ ಹುಡುಗನನ್ನು ಸಾಲಿಗೆ ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದರು. ಇಮಾಮಸಾಬರು ಬಿಲ್ಲು ನಿಲ್ಲಿಸದೆಯೇ ಹೇಳಿದರು: "ಕನ್ನಡಾ ಕಲಸ್ತೀರಂತಲ್ರೀ ಈಗ. ಅಂವ ಕನ್ನಡಾ ಮಾತಾಡ್ತಾನ. ನಾನೂ ಮಾತಾಡ್ತೇನಿ. ನಮ್ಮ ಆಡಿಗೂ ಕನ್ನಡಾ ತಿಳೀತದ. ಬಾ ಅಂದ್ರ ಬರ್ತದ, ಹೋಗು ಅಂದ್ರ ಹೋಗಂಗಿಲ್ಲ. ಅದಕ್ಕ ಸಾಲಿ ಯಾಕ್ರಿ?"

ತಂತಿಯನ್ನು ಇನ್ನೂ ನಾಲ್ಕು ಸಲ ಮೀಟಿದರು. ಆಮೇಲೆ ದನಿ ತಗ್ಗಿಸಿ ಅಂದರು: "ಖರೇ ಹೇಳ್ಲೇನ್ರಿ ಮಾಸ್ತರ? ನಾ ಒಂದಕ್ಷರಾ ಕಲ್ತಾಂವಲ್ಲ. ಇಂವ ಉರ್ದುದಾಗ ವರ್ಗಕ್ಕ ಮೊದಲ್ನೇದಾಂವ ಇದ್ದ. ಓಣ್ಯಾಗ ಎದಿ ಉಬ್ಬಿಸಿ ತಿರಗ್ತಿದ್ದೆ. ಈಗ ಇಷ್ಟುದ್ದ ಹುಡುಗನ್ನ ಕುಂಡ್ರಿಸಿ ಅ ಆ ತಿದ್ದಸ್ತೀರಿ. ಕಡೀ ಬೆಂಚಿನ್ಯಾಗ ಕುಂಡ್ರತಾನ. ನನಗ ನೋಡಾಕ ಆಗಂಗಿಲ್ರಿ."

ಮಾಸ್ತರರು ಮಹಬೂಬನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ಸಾಲಿ ಮಾತು ಬಿಡು. ಆ ಸಿನೆಮಾದ ಮೊದಲನೇ ಅರ್ಧ ಹೇಳು. ನಿನ್ನೆಯಿಂದ ನನಗ ಅನ್ನಾ ಹೋಗವಲ್ದು."

"ನಾ ಹೇಳಂಗಿಲ್ರಿ," ಎಂದ ಮಹಬೂಬ. "ಇಂವ ಮೀಶಿಯವಗ ಹರಾಮಖೋರ ಅಂದಾನ."

ಅರಳೆಯ ಮೋಡದ ಈಚೆ ನಿಂತ ನನ್ನ ಹೆಗಲಿನಿಂದ ಗಾದಿ ಕೆಳಗೆ ಬಿತ್ತು. "ನಿನಗ ಸಿಟ್ಟು ಬಂದಿದ್ದು ಅದಕ್ಕೇನಲೇ?"

"ಮತ್ಯಾದಕ್ಕ?"

"ನಾ ಅಂದ್ಕೊಂಡೆ... ಊರಾಗಿನ ಗದ್ದಲಕ್ಕ..."

"ಗದ್ದಲಾ ನೀ ಮಾಡೀಯೇನು?" ಎಂದ ಅವನು, ನಿಜವಾಗಿಯೂ ಆಶ್ಚರ್ಯಪಟ್ಟು. ಆಮೇಲೆ ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಹೇಳತೊಡಗಿದ.

ಏನು ಹೇಳಿದ ಅಂತೀರಿ! ಪಟ್ಟಣ, ಪಟ್ಟಣದ ತುಂಬ ಗಂಟೆ ಬಾರಿಸುವ ಟ್ರಾಮು, ಬಡವರಿಗೆ ಪುಕ್ಕಟೆ ಔಷಧ ಕೊಡುವ ದೊಡ್ಡ ಮೀಸೆಯ ಡಾಕ್ಟರ್. ಎಲ್ಲರೂ ಡಾಕ್ಟರ್ ಸಾಹೇಬ್ ಎಂದೇ ಕರೆಯುತ್ತಾರೆ, ಹೆಸರಿಲ್ಲ. ಒಬ್ಬ ಸೇಠ ಹಾಸಿಗೆಯಲ್ಲಿ ಸತ್ತುಬಿದ್ದದ್ದು, ಸೇಠನ ಮಕ್ಕಳು ಡಾಕ್ಟರೇ ವಿಷ ಕೊಟ್ಟ ಎಂದು ಸುಳ್ಳು ಹೇಳಿದ್ದು, ಡಾಕ್ಟರನ ಮೊಲದ ಮರಿಯಂಥ ಸಣ್ಣ ಮಗಳು ಪೊಲೀಸರ ಹಿಂದೆ ಬರಿಗಾಲಲ್ಲಿ ಓಡಿದ್ದು. ಟೊಂಯ್ ಟೊಂಯ್ ಯಾವಾಗ ನಿಂತಿತೋ ತಿಳಿಯಲಿಲ್ಲ. ಇಮಾಮಸಾಬರು ಬಿಲ್ಲನ್ನು ಅಪ್ಪಿಕೊಂಡು ನಿಂತಿದ್ದರು. ಗಡ್ಡದಲ್ಲಿದ್ದ ಅರಳೆ ಒದ್ದೆಯಾಗಿತ್ತು.

"ಕೈಗೆ ಬೇಡಿ ಹಾಕಿದ್ರು. ಅಷ್ಟೊತ್ತಿಗಿ ಇಂಟರ್ವಲ್ ಆತು," ಎಂದು ಮಹಬೂಬ ನಿಲ್ಲಿಸಿದ.

"ಮುಂದ?" ಎಂದರು ಇಮಾಮಸಾಬರು.

"ಮುಂದಿಂದು ಇಂವಗ ಗೊತ್ತು."

ಇಮಾಮಸಾಬರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿರೇಮಠ ಮಾಸ್ತರರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಅದು ಸಾಲ್ಯಾಗ ಹೇಳೋದು. ನಾಳಿ ಹುಡುಗನ್ನ ಕಳಸ್ರಿ, ಕೇಳ್ಕೊಂಡ್ ಬಂದು ನಿಮಗ ಹೇಳ್ತಾನ."

ಮರುದಿನ ಮಹಬೂಬ ಬಂದ. ಜೊತೆಗೆ ಇಮಾಮಸಾಬರೂ ಬಂದರು, ಹೆಗಲ ಮೇಲೆ ಬಿಲ್ಲು ಹೊತ್ತು. ಕೆಲಸಕ್ಕೆ ಹೊರಟಿದ್ದೆ, ದಾರಿಯಲ್ಲೇ ಸಾಲಿ ಇದೆಯಲ್ಲ ಎಂದರು. ಸಾಲಿ ಯಾವ ದಾರಿಯಲ್ಲೂ ಇರಲಿಲ್ಲ, ಊರ ಹೊರಗಿತ್ತು. ಬಾಗಿಲಿಗೆ ಒರಗಿ ನಿಂತರು.

ಮಹಬೂಬ ತನ್ನ ಅರ್ಧವನ್ನು ವರ್ಗಕ್ಕೆ ಹೇಳಿ ಬೇಡಿಯ ಹತ್ತಿರ ತಂದು ನಿಲ್ಲಿಸಿದ. ನನ್ನದು ಜೈಲಿನಿಂದಲೇ ಶುರುವಾಗುತ್ತಿತ್ತು. "ಹಾಂ, ಕೂಡ್ತು!" ಎಂದು ಮಾಸ್ತರರು ತೊಡೆ ತಟ್ಟಿದರು. ಮೀಸೆಯವನು ಸರಳು ಬಗ್ಗಿಸಿ ಹೊರಗೆ ಬಂದ.

"ಬಂದು ಟ್ರಾಮ್ ಹತ್ತಿದ್ನಾ?" ಎಂದ ಮಹಬೂಬ.

"ಕುದುರಿ ಹತ್ತಿದ."

"ಪಟ್ಟಣದಾಗ ಕುದುರಿ ಎಲ್ಲಿಂದ ಬಂತು?"

"ಪಟ್ಟಣ ಎಲ್ಲಿ ಬಂತು? ಕೋಟಿ ಅದ. ರಾಜಾ ಅದಾನ."

"ಯಾ ರಾಜಾ?"

"ಹಾಲಿನ್ಯಾಗ ವಿಷ ಹಾಕಿದ್ನಲ್ಲ, ಆ ಹುಡುಗನ ಅಪ್ಪ. ಮೀಶಿಯವ ಅವನ ಮಂತ್ರಿ."

"ಡಾಕ್ಟರ್ ಮಂತ್ರಿ ಯಾವಾಗ ಆದ್ನಲೇ?"

ಹುಡುಗರು ಎರಡು ಪಾರ್ಟಿಯಾದರು. ಡಾಕ್ಟರನ ಪರ ಒಂದು, ರಾಜನ ಪರ ಒಂದು. ರಾಜನಿಗೆ ಔಷಧ ಕೊಟ್ಟು ಮಂತ್ರಿಯಾಗಿರಬೇಕು ಎಂದ ಒಬ್ಬ. ಮಾಸ್ತರರು ಹಣೆಗೆ ಕೈ ಹಚ್ಚಿದರು. ಆಮೇಲೆ ನನ್ನನ್ನು ಕೇಳಿದರು: "ನೀ ಒಳಗ ಹೋದಾಗ ಜನ ಏನ ಮಾಡಾಕತ್ತಿದ್ರು?"

"ಕೂಗಾಕತ್ತಿದ್ರು ರೀ. ಟೋಪಿ ಒಗದ್ರು. ನಾನೂ ಕೂಗಿದೆ."

ಮಾಸ್ತರರಿಗೆ ನಗು ಶುರುವಾಯಿತು. ನಗುತ್ತ ನಗುತ್ತ ಮೇಜಿನಿಂದ ಕೆಳಗಿಳಿದರು. "ಮಬ್ಬ ಹುಡುಗರ್ಯಾ, ಇವು ಎರಡು ಸಿನೆಮಾ! ಡೇರೆದಾಂವ ಇಂಟರ್ವಲ್ ಆದಮ್ಯಾಲ ಬ್ಯಾರೇ ಸಿನೆಮಾ ಹಚ್ಯಾನ!"

ಆಗ ಶರಣಪ್ಪ ಎದ್ದ. "ಹೌದ್ರಿ. ಅಫಜಲಪುರದಾಗೂ ಹಿಂಗ ಮಾಡ್ಯಾನಂತ. ಜೇವರ್ಗ್ಯಾಗ ಅರ್ಧಾ ರೀಲು ಮರ್ತು ಬಂದಿದ್ನಂತ. ನಮ್ಮ ಮಾವ ಹೋಗಿ ಬೈದು ಬಂದಾನ."

"ಮೊದ್ಲ ಯಾಕ ಹೇಳ್ಲಿಲ್ಲೋ?"

"ನೀವು ಪುಸ್ತಕದ್ದು ಕೇಳಿದ್ರಿ," ಎಂದ ಶರಣಪ್ಪ.

ಎಲ್ಲರೂ ನಗುತ್ತಿದ್ದರು. ಮಹಬೂಬ ಒಬ್ಬ ಮಾತ್ರ ಬಾಯಿ ತೆರೆದು ನಿಂತಿದ್ದ. ಆಮೇಲೆ ನನ್ನ ಹೆಗಲು ಹಿಡಿದು ಅಲ್ಲಾಡಿಸಿದ. "ಅಂದ್ರ ನಮ್ಮ ಡಾಕ್ಟರ್ ಸತ್ತಿಲ್ಲ?"

"ಸತ್ತಿಲ್ಲ."

"ಖರೇನಲೇ?"

"ಸತ್ತಾಂವ ಬ್ಯಾರೇ ಮೀಶಿಯಾಂವ."

ಅಷ್ಟು ದಿನ ಆ ಡಾಕ್ಟರನಿಗಾಗಿ ಅವನು ಒಳಗೊಳಗೇ ಅತ್ತಿದ್ದನೆಂದು ನನಗೆ ತಿಳಿದದ್ದು ಆಗ. ಸರಸಂಬಾದಲ್ಲಿ ನಾನು ಎಮ್ಮೆಯ ಜೊತೆ ತಲೆ ಕೆಡಿಸಿಕೊಂಡಿದ್ದು ಅದರ ಮುಂದೆ ಏನೂ ಅಲ್ಲ. ನಾವು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತೆವು. ಮುಂದಿನ ಬೆಂಚಿನವನಿಗೆ ಸೀನು ಬಂತು.

ಬಾಗಿಲಿನಿಂದ ಇಮಾಮಸಾಬರು ಕೇಳಿದರು: "ಅದೆಲ್ಲಾ ಖರೆ. ಡಾಕ್ಟರ್ ಏನಾದ? ಬೇಡಿ ಹಾಕ್ಕೊಂಡ ಕುಂತಾನಲ್ರೀ ಇನ್ನೂ."

ಮಾಸ್ತರರು ನಗು ನಿಲ್ಲಿಸಿ ವರ್ಗವನ್ನು ನೋಡಿದರು. "ಅದನ್ನ ನೀವು ಬರೀಬೇಕು. ಎಲ್ಲಾರೂ. ಕನ್ನಡದಾಗ. ಅವನ್ನ ಹೊರಗ ತರ್ರಿ. ಇದ ನೋಡ್ರಿ ಸಾಹಿತ್ಯ ಅಂದ್ರ."

ಇಮಾಮಸಾಬರು ಬಿಲ್ಲನ್ನು ಇನ್ನೊಂದು ಹೆಗಲಿಗೆ ದಾಟಿಸಿದರು. "ಆತ್ರಿ. ಡಾಕ್ಟರ್ ಹೊರಗ ಬರೂ ತನಕ ಹುಡುಗ ಬರ್ಲಿ. ಆಮ್ಯಾಲ ಅಂಗಡ್ಯಾಗ ಕೆಲಸದ."

ಹೀಗೆ ಮಹಬೂಬ ಅ ಆ ತಿದ್ದಲು ಕೂತ. ನಾನು ಕಲಿಸುತ್ತಿದ್ದೆ, ನನ್ನ ಮರಳಿನ ಅಕ್ಷರಗಳನ್ನು ಅವನು ಕಾಗದದ ಮೇಲೆ ನನಗಿಂತ ಚಂದ ಬರೆಯತೊಡಗಿದಾಗ ಹೊಟ್ಟೆಕಿಚ್ಚೂ ಪಟ್ಟೆ. ಒತ್ತಕ್ಷರ ಬಂದಾಗ ಮಾತ್ರ ಅವನು ಹಟ ಹಿಡಿದ. "ಒಂದಕ್ಷರಾ ಇನ್ನೊಂದ್ರ ಕೆಳಗ ಯಾಕ ಜೋತು ಬೀಳ್ಬೇಕು? ಬಾಜೂಕ ಕುಂಡ್ರಾಕ ಅದಕ್ಕೇನು ರೋಗ?"

ಉಳಿದ ಹುಡುಗರು ಡಾಕ್ಟರನನ್ನು ಬೇಗ ಬೇಗ ಹೊರಗೆ ತಂದರು. ಒಬ್ಬ ಸುರಂಗ ತೋಡಿಸಿದ. ಶರಣಪ್ಪ ಗ್ರಹಣ ಹಿಡಿಸಿ ಪೊಲೀಸರ ಕಣ್ಣು ಕಟ್ಟಿದ. ನಾನು ನನ್ನ ಸಿನೆಮಾದ ಗಿಣಿಯನ್ನು ಸಾಲ ಕೊಟ್ಟೆ, ಅದು ಬೀಗದ ಕೈ ಕಚ್ಚಿಕೊಂಡು ಬಂತು. ಮಹಬೂಬ ಮಾತ್ರ ತಿಂಗಳುಗಟ್ಟಲೆ ಬರೆದ. ಅವನ ಡಾಕ್ಟರ್ ಹೊರಗೆ ಬರುವ ಆತುರದಲ್ಲಿ ಇದ್ದಂತೆ ಕಾಣಲಿಲ್ಲ. ಅಪ್ಪ ಮನೆಯಲ್ಲಿ ದಿನಾ ಕೇಳುತ್ತಿದ್ದರಂತೆ, "ಬಂದ್ನೇನು?" "ಇನ್ನೂ ಇಲ್ಲ ಅಬ್ಬಾ, ಒತ್ತಕ್ಷರ ಅದಾವ." ಒತ್ತಕ್ಷರಗಳೆಲ್ಲ ಮುಗಿದ ಮೇಲೂ ಅವನು ಇದೇ ಉತ್ತರ ಕೊಡುತ್ತಿದ್ದನೆಂದು ನನಗೆ ಗೊತ್ತು.

ಕೊನೆಗೆ ಓದುವ ದಿನ ಬಂತು. ಇಮಾಮಸಾಬರು ತೊಳೆದ ಅಂಗಿ ತೊಟ್ಟು, ಗಡ್ಡದ ಅರಳೆ ಆರಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮಹಬೂಬ ಎದ್ದು ಓದಿದ:

"ಡಾಕ್ಟರ್ ಇಮಾಮಸಾಬರು ಜೈಲಿನಲ್ಲಿ ಕುಳಿತಿದ್ದರು. ಅವರು ಅಳಲಿಲ್ಲ. ಸೇಠ ಸತ್ತಿರಲಿಲ್ಲ. ಅವನು ನಿದ್ದೆ ಮಾಡುತ್ತಿದ್ದ. ಯಾಕೆಂದರೆ ಅವನ ಗಾದಿ ಬಹಳ ಮೆತ್ತಗಿತ್ತು. ಅಂಥ ಗಾದಿ ಆಳಂದದಲ್ಲಿ ಮಾತ್ರ ಸಿಗುತ್ತದೆ. ಸೇಠ ಎದ್ದು ಕುಳಿತು ಚಹಾ ಕೇಳಿದ. ಪೊಲೀಸರು ಅಂಜಿ ಓಡಿ ಹೋದರು. ಡಾಕ್ಟರ್ ಇಮಾಮಸಾಬರು ಮನೆಗೆ ಬಂದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಹೋಗಿದ್ದೆ ಅಪ್ಪಾ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದರು."

ಬಾಗಿಲಿನಿಂದ ಇಮಾಮಸಾಬರ ದನಿ ಬಂತು: "ಇನ್ನೊಮ್ಮಿ ಓದಲೇ. ಆ ಡಾಕ್ಟರನ ಹೆಸರು ಬರ್ತದಲ್ಲ, ಅದು."

ಮಹಬೂಬ ಓದಿದ. ಇಮಾಮಸಾಬರು ಚಪ್ಪಲಿ ಹೊರಗೆ ಬಿಟ್ಟು, ನಮಾಜಿಗೆ ಬರುವವರಂತೆ ಮೆಲ್ಲಗೆ ಒಳಗೆ ಬಂದರು. ಮಗನ ಕೈಯಲ್ಲಿದ್ದ ಕಾಗದದ ಮೇಲೆ ಬಗ್ಗಿದರು.

"ಎಲ್ಲಿ ಅದ ನನ್ನ ಹೆಸರು?"

ಮಹಬೂಬ ಬೆರಳಿಟ್ಟು ತೋರಿಸಿದ. ಇಮಾಮಸಾಬರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಮುಖ ಗಂಟಾಯಿತು.

"ಇಷ್ಟ ಸಣ್ಣದೇನಲೇ? ಅಷ್ಟು ದೊಡ್ಡ ಡಾಕ್ಟರನ ಹೆಸರು ಇಷ್ಟ ಸಣ್ಣದು ಬರೀತಾರೇನು?"

ಹಿರೇಮಠ ಮಾಸ್ತರರು ಸೀಮೆಸುಣ್ಣದ ಹೊಸ ತುಂಡೊಂದನ್ನು ಮಹಬೂಬನ ಕೈಗೆ ಕೊಟ್ಟರು. ಅವನು ಕರಿ ಹಲಗೆಯ ಎಡ ಅಂಚಿನಿಂದ ಶುರು ಮಾಡಿದ. ಒಂದೊಂದು ಅಕ್ಷರವೂ ಕುಂಬಳಕಾಯಿಯಷ್ಟು. ಇ ಮುಗಿಯುವಷ್ಟರಲ್ಲಿ ಅರ್ಧ ತುಂಡು ಸವೆದಿತ್ತು. ಸಾ ಬರೆಯುವಾಗ ಬಲ ಅಂಚು ಮುಟ್ಟಿತು. ಕೊನೆಯ ಬ ಅಕ್ಷರಕ್ಕೆ ಹಲಗೆಯಲ್ಲಿ ಜಾಗವೇ ಉಳಿಯಲಿಲ್ಲ. ಮಹಬೂಬ ಮಾಸ್ತರರ ಮುಖ ನೋಡಿದ. ಮಾಸ್ತರರು ಹೂಂ ಎಂದು ತಲೆಯಾಡಿಸಿದರು. ಅವನು ಅದನ್ನು ಗೋಡೆಯ ಮೇಲೆ ಬರೆದ.

ಇಮಾಮಸಾಬರು ಹಿಂದೆ ಹಿಂದೆ ಸರಿಯುತ್ತ ಬಾಗಿಲಿನವರೆಗೆ ಹೋಗಿ ಒಂದು ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಹಾಂ. ಈಗ ಓದಾಕ ಬಂತು ನೋಡು," ಎಂದರು.

ಚಪ್ಪಲಿ ಮೆಟ್ಟಿದರು, ಬಿಲ್ಲನ್ನು ಹೆಗಲಿಗೇರಿಸಿದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು ಬಾಗಿಲಲ್ಲಿ ತಲೆ ಹಾಕಿದರು.

"ಮಾಸ್ತರ, ನಾಳಿ ಇವನ್ನ ಎಷ್ಟೊತ್ತಿಗಿ ಕಳಸ್ಲಿ?"